ಕೂಲಿಯ ಬಳ್ಳ

ಗಂಡನ ತಿಥಿ ಮುಗಿದ ಮರುದಿನ ಅತ್ತೆ ಎಂದಿನಂತೆ ಹಸುವಿನ ಕೊಟ್ಟಿಗೆ ಗುಡಿಸಿದರು. ನಾನು ಮುದ್ದೆಗೆ ನೀರಿಟ್ಟೆ. ಹಲಸೂರಿನ ಬೀದಿಯಲ್ಲಿ ಮಿಲಿಟರಿ ಲಾರಿಗಳು ಹೋಗುತ್ತಿದ್ದವು. ಅಳು ಬರಲಿಲ್ಲ. ಅತ್ತೆ ಅದನ್ನೇ ನೋಡುತ್ತಿದ್ದರು.

ನೀರು ಕುದಿಯುವ ಮೊದಲೇ ಪ್ರೊಫೆಸರರು ಬಂದರು. ನನ್ನ ಗಂಡ ಚಲುವಯ್ಯನ ಡಾಕ್ಟರೇಟಿಗೆ ಅವರೇ ಮಾರ್ಗದರ್ಶಕರು. ಎಂ.ಎ.ಯಲ್ಲಿ ನನಗೂ ಪಾಠ ಹೇಳಿದವರು. ಜಗಲಿಯ ಮೇಲೆ ಕುಳಿತು, ಸಾವಿನ ಬಗ್ಗೆ ಒಂದೆರಡು ಮಾತಾಡಿ, ಬಂದ ಕೆಲಸಕ್ಕೆ ಇಳಿದರು.

"ನೋಡಮ್ಮ, ಪ್ರಬಂಧ ಚೆನ್ನಾಗಿದೆ. ಊರಿನ ಪೂರ್ವ ದಿಕ್ಕಿನ ಹಳ್ಳಿಗಳ ಅಳತೆಗಳ ಚರಿತ್ರೆ ಇಷ್ಟು ವಿವರವಾಗಿ ಯಾರೂ ಬರೆದಿಲ್ಲ. ಸತ್ತ ಮೇಲಾದ್ರೂ ಪದವಿ ಕೊಡಿಸ್ತೀನಿ. ಆದರೆ ಕೂಲಿಯ ಅಧ್ಯಾಯ ತೆಗೀಬೇಕು."

"ಯಾಕೆ?"

"ಯಾಕೆ ಅಂತ ನಿಮಗೆ ಗೊತ್ತು."

ಗೊತ್ತಿತ್ತು. ದೊಮ್ಮಲೂರಿನ ಜಮೀನ್ದಾರ ದೊಡ್ಡಮುನಿಯಪ್ಪ ಧಾನ್ಯ ಅಳೆಯುವ ತನ್ನ ತಾತನ ಕಾಲದ ಮರದ ಬಳ್ಳವನ್ನು ಚಿತ್ರ ಬರೆದುಕೊಳ್ಳಲೆಂದು ಹೆಮ್ಮೆಯಿಂದ ಎರವು ಕೊಟ್ಟಿದ್ದ. ಚಲುವಯ್ಯ ಚಿತ್ರ ಬರೆದ. ಆಮೇಲೆ ಮರಳು ತುಂಬಿ ಅಳೆದ. ಎರಡು ಸೇರು ಹಿಡಿಯಬೇಕಾದ ಬಳ್ಳ ಅಷ್ಟು ಹಿಡಿಯಲಿಲ್ಲ. ಹೊರಗಿನಿಂದ ಸರಿಯಾಗಿಯೇ ಕಾಣುತ್ತಿತ್ತು. ಒಳಗೆ ತಳ ದಪ್ಪ. ಗೇಣಿ ತೆಗೆದುಕೊಳ್ಳಲು ಆ ಮನೆಯಲ್ಲಿ ಬೇರೆ ಬಳ್ಳವಿತ್ತು. ಇದು ಕೂಲಿ ಕೊಡುವ ಬಳ್ಳ. ಅದನ್ನೇ ಚಲುವಯ್ಯ ಆ ಅಧ್ಯಾಯದಲ್ಲಿ ಬರೆದಿದ್ದ. ಮೂರು ತಲೆಮಾರಿನಿಂದ ಕೂಲಿಯವರು ಇದರಲ್ಲೇ ಅಳೆಸಿಕೊಂಡಿದ್ದರು. ಅನುಮಾನ ಇದ್ದರೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಅಳೆಯುವ ಬಳ್ಳವನ್ನೇ ಅಳೆದರೆ ಕಣದ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂಬ ಮಾತು ಆ ಕಡೆ ಇದೆ.

"ನಮ್ಮ ಹುಡುಗರ ಹಾಸ್ಟೆಲಿಗೆ ಜಾಗ ಕೊಟ್ಟಿರೋರು ಆ ಜಮೀನ್ದಾರರು," ಎಂದರು ಪ್ರೊಫೆಸರರು. "ಇವತ್ತು ಕಣದಲ್ಲಿ ಕೂಲಿ ಅಳೀತಾರೆ. ಬಳ್ಳ ನನ್ನ ಕೈಗೆ ಕೊಡಿ, ಸದ್ದಿಲ್ಲದೆ ತಲುಪಿಸಿಬಿಡ್ತೀನಿ."

"ಅಧ್ಯಾಯ ಇರಲಿ ಅಂದ್ರೆ?"

"ಪರೀಕ್ಷಕರಿಗೆ ಕಳಿಸೋದೇ ಇಲ್ಲ. ಮನೇಲಿ ಇಟ್ಕೊಂಡು ಒಲೆಗೆ ಹಾಕಿ." ಎದ್ದು ನಿಂತರು. "ಹೆಂಗಸು ನೀವು. ಹಟ ಯಾಕೆ?"

"ಬಳ್ಳ ನಾನೇ ಕೊಟ್ಟು ಬರ್ತೀನಿ ಸರ್."

ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಹೊರಟುಹೋದರು. ಅತ್ತೆ ಬಾಗಿಲ ಹಿಂದಿನಿಂದ ಎಲ್ಲ ಕೇಳಿದ್ದರು.

"ಡಾಕ್ಟ್ರು ಅಂತ ನನ್ ಮಗನ ಹೆಸರಿಗೆ ಸೇರ್ತಿತ್ತು. ಅದನ್ನೂ ತಿಂದ್ಯಲ್ಲೇ."

ನಾನು ಬಳ್ಳವನ್ನು ಅಟ್ಟದಿಂದ ಇಳಿಸಿದೆ.

"ಇದು ಮನೆಗೆ ಬಂದ್ಮೇಲೇ ಅವನಿಗೆ ಜ್ವರ ಹಿಡಿದಿದ್ದು. ತಗೊಂಡೋಗಿ ಆ ಜಮೀನ್ದಾರನ ಮಕದ ಮೇಲೆ ಎಸೆದು ಬಾ," ಎಂದರು ಅತ್ತೆ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಮತ್ತೆ ಕೂಗಿದರು: "ಏಯ್, ಬರಿದು ಬಳ್ಳ ಹಿಡ್ಕೊಂಡು ಎಲ್ಲಿಗೆ? ಎರವು ತಂದ ಬಳ್ಳ ತುಂಬ್ಸಿ ಕೊಡ್ಬೇಕು. ಎಂ.ಎ.ನಲ್ಲಿ ಅದನ್ನ ಹೇಳ್ಕೊಡ್ಲಿಲ್ವಾ?"

ನಾನು ನಿಂತೆ. ಒಳಗೆ ಹೋಗಿ, ಆ ವಾರದ ರೇಷನ್ನಿನ ರಾಗಿಯಲ್ಲಿ ಎರಡು ಸೇರು ಚೀಲಕ್ಕೆ ಹಾಕಿಕೊಂಡೆ. ಅಳೆದ ಕಬ್ಬಿಣದ ಸೇರನ್ನೂ ಜೊತೆಗಿಟ್ಟುಕೊಂಡೆ. ಅದರ ಮೇಲೆ ಸರ್ಕಾರದ ಮುದ್ರೆ ಇತ್ತು. ಅತ್ತೆ ನೋಡಿದರು, ಬೇಡ ಎನ್ನಲಿಲ್ಲ.

ದೊಮ್ಮಲೂರಿನ ಕಣದಲ್ಲಿ ರಾಗಿಯ ರಾಶಿ ಆಗಿತ್ತು. ಕೂಲಿಯವರು ಬಟ್ಟೆ ಹಾಸಿಕೊಂಡು ಸಾಲಾಗಿ ಕುಳಿತಿದ್ದರು. ದೊಡ್ಡಮುನಿಯಪ್ಪ ನನ್ನನ್ನು ಕಂಡೊಡನೆ ಕೈಯೆತ್ತಿದ.

"ಅಲ್ಲೇ ನಿಂತ್ಕೊ! ಬಳೆ ಇಲ್ದ ಬೋಳು ಕೈಲಿ ರಾಶಿ ಹತ್ರ ಬರ್ತಾರೇನಮ್ಮ? ಓದಿದೋರಿಗೆ ಅಷ್ಟೂ ತಿಳಿಯಲ್ವಾ?"

ನಾನು ಸಗಣಿ ಸಾರಿಸಿದ ಅಂಚಿನ ಹೊರಗೇ ನಿಂತೆ.

"ಮನೆಗೆ ಕಳ್ಸಿದ್ರೆ ಆಗ್ತಿರ್ಲಿಲ್ವಾ?"

"ಈ ಕಣದಲ್ಲೇ ಕೊಟ್ಟಿದ್ರಿ. ಇಲ್ಲೇ ತಗೊಳ್ಳಿ."

"ಸರಿ, ಇಟ್ಬಿಟ್ಟು ಹೋಗು."

"ಬರಿದಾಗಿ ಹೇಗೆ ಕೊಡ್ಲಿ? ತುಂಬ್ಸಿ ಕೊಡ್ತೀನಿ."

ಅವನು ಬೇಡ ಎನ್ನಲು ಬಾಯಿ ತೆರೆದು ಸಾಲಿನ ಕಡೆ ನೋಡಿದ. ತುಂಬಿಸಿ ಕೊಡುವುದನ್ನು ಬೇಡ ಎನ್ನುವ ಬಾಯಿ ಕಣದಲ್ಲಿ ಇಲ್ಲ. ಎತ್ತಿದ್ದ ಕೈ ಇಳಿಸಿದ.

ನಾನು ನೆಲದ ಮೇಲೆ ಸೆರಗು ಹಾಸಿ ಬಳ್ಳ ಇಟ್ಟೆ. ಕಬ್ಬಿಣದ ಸೇರಿಗೆ ಚೀಲದ ರಾಗಿ ತುಂಬಿ, ಅಂಚಿನ ಮಟ್ಟಕ್ಕೆ ತಲೆ ಸವರಿ ಎತ್ತಿ, ಮುದ್ರೆ ಕಾಣುವಂತೆ ಹಿಡಿದು ಸುರಿದೆ.

"ಲಾಭ," ಎಂದಳು ಸಾಲಿನ ಮೊದಲಲ್ಲಿ ಕೂತಿದ್ದ ಮುನಿಶಾಮಮ್ಮ. ಒಂದು ಎಂದು ಎಣಿಸುವುದು ಅಲ್ಲಿ ವಾಡಿಕೆಯಲ್ಲ.

ಎರಡನೆಯ ಸೇರು ಅರ್ಧ ಬರಿದಾಗುವ ಹೊತ್ತಿಗೆ ಬಳ್ಳ ತುಂಬಿತು. ನಾನು ಸುರಿಯುವುದನ್ನು ನಿಲ್ಲಿಸಲಿಲ್ಲ. ರಾಗಿ ಅಂಚು ದಾಟಿ ಸೆರಗಿನ ಮೇಲೆ ಇಳಿಯಿತು.

ಮುನಿಶಾಮಮ್ಮ ಎದ್ದು ಬಂದು ಬಗ್ಗಿ ನೋಡಿದಳು.

"ಇದೇನಪ್ಪೋ? ಎರಡು ಸೇರಿಗೆ ಒಂದು ಬಳ್ಳ ಅಲ್ವಾ? ಇಷ್ಟು ಆಚೆಗೆ ಬಿತ್ತಲ್ಲ?"

"ಸೇರು ದೊಡ್ಡದು!" ಎಂದು ದೊಡ್ಡಮುನಿಯಪ್ಪ ಕೂಗಿದ. "ಕಂಟೋನ್ಮೆಂಟಿನ ಕಳ್ಳ ಸೇರು ಅದು!"

"ಸರ್ಕಾರದ್ದು ಕಳ್ಳ ಸೇರಾ?" ಎಂದಿತು ಸಾಲಿನ ಕೊನೆಯಿಂದ ಒಂದು ಗಂಡು ದನಿ. ಯಾರೋ ನಕ್ಕರು. ಮತ್ತೊಬ್ಬರು ಹಾಸಿದ್ದ ಬಟ್ಟೆಯನ್ನು ಮಡಚಿ ಎದ್ದು ನಿಂತರು. ಆಮೇಲೆ ಪಕ್ಕದವರೂ ಎದ್ದರು.

"ಗಂಡನ್ನ ತಿಂದು ಸಾಲದೆ ನನ್ ಕಣ ಹಾಳು ಮಾಡೋಕೆ ಬಂದ್ಯಾ? ನಿನ್ ಗಂಡನ ಪುಸ್ತಕ ಹೆಂಗೆ ಹೊರಗೆ ಬರುತ್ತೋ ನೋಡ್ತೀನಿ."

"ಬರಲ್ಲ. ಬೆಳಿಗ್ಗೇನೇ ಹೇಳಿ ಹೋದ್ರು," ಎಂದೆ.

ಬಳ್ಳವನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಬಿದ್ದಿದ್ದ ರಾಗಿಯನ್ನು ಮುನಿಶಾಮಮ್ಮನ ಬಟ್ಟೆಗೆ ಸುರಿದೆ. ಅವಳು ನನ್ನ ಮುಖ ನೋಡಲಿಲ್ಲ, ಬಳ್ಳವನ್ನೇ ನೋಡುತ್ತಿದ್ದಳು. ನಾನು ತುಂಬಿದ ಬಳ್ಳವನ್ನು ಎರಡೂ ಕೈಯಲ್ಲಿ ಎತ್ತಿ, ಸಾರಿಸಿದ ಅಂಚು ದಾಟಿ ಒಳಗೆ ಹೋಗಿ, ದೊಡ್ಡಮುನಿಯಪ್ಪನ ಕಾಲ ಬಳಿ ಇಟ್ಟೆ.