ಏಳನೇ ಸಹಿ

ಬಾಗಿಲಿನ ಹಿಡಿ ಕೈಯಲ್ಲಿ ಸುಮ್ಮನೆ ತಿರುಗಿತು. ಎಡಕ್ಕೆ ತಿರುಗಿಸಿದರೂ ಅಷ್ಟೇ, ಬಲಕ್ಕೆ ತಿರುಗಿಸಿದರೂ ಅಷ್ಟೇ. ಚಿಲಕ ಮಾತ್ರ ಚೌಕಟ್ಟಿನೊಳಗೆ ಭದ್ರವಾಗಿ ಕೂತಿತ್ತು. ಬೀಗ ತಯಾರಿಸುವ ಕಂಪನಿಯ ಎಂ.ಡಿ. ತನ್ನದೇ ಕೋಣೆಯ ಶೌಚಾಲಯದಲ್ಲಿ, ತನ್ನದೇ ಕಂಪನಿಯ ಬೀಗಕ್ಕೆ ಸಿಕ್ಕಿಬಿದ್ದಿದ್ದ. ಗಂಟೆ ಹತ್ತೂಮುಕ್ಕಾಲು. ಹನ್ನೊಂದಕ್ಕೆ ಆಡಳಿತ ಮಂಡಳಿಯ ಸಭೆ. ಮೊಬೈಲು ಹೊರಗೆ ಮೇಜಿನ ಮೇಲಿತ್ತು, ಕೋಟಿನ ಒಳಜೇಬಿನಲ್ಲಿ ರಾಜೀನಾಮೆ ಪತ್ರವಿತ್ತು.

ಪತ್ರ ಬರೆದು ಮೂರು ವಾರವಾಗಿತ್ತು. ಇನ್ನೂ ಐದು ವರ್ಷ ಈ ಕುರ್ಚಿಯಲ್ಲಿ ಇರುತ್ತೀಯೋ ಇಲ್ಲವೋ, ಇವತ್ತು ಹೇಳಿಬಿಡು ಎಂದು ಅಧ್ಯಕ್ಷೆ ಗಡುವು ಕೊಟ್ಟಿದ್ದರು. ಆ ಕುರ್ಚಿಯಲ್ಲಿ ಅವನಿಗೆ ಹನ್ನೊಂದು ವರ್ಷ ಕಳೆದಿತ್ತು. ದಿನಕ್ಕೆ ಐದು ಸಭೆ, ನಾಳೆಯ ಸಭೆಗೆ ತಯಾರಾಗಲು ಇನ್ನೊಂದು ಸಭೆ. ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಸಹಿ ಹಾಕುತ್ತೇನೆ ಎನ್ನಬೇಕಿತ್ತು. ಬೆಳಗ್ಗೆ ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದಳು: "ಇವತ್ತಾದ್ರೂ ಕೊಟ್ಟು ಬನ್ರೀ. ಹಿಂಡಿ ಹಾಕಿದ ಬಟ್ಟೆ ಥರ ಬರ್ತೀರಿ, ಹಂಗೇ ಹೋಗ್ತೀರಿ. ನೋಡೋಕಾಗಲ್ಲ ನನಗೆ."

ಎರಡು ಸಲ ಬಾಗಿಲು ಬಡಿದು ಸುಮ್ಮನಾದ. ಯಾರೂ ತನ್ನ ಮುಂದೆ ಕಾಗದ ಹಿಡಿಯಲಾಗದ ಜಾಗ ಇಡೀ ಕಟ್ಟಡದಲ್ಲಿ ಇದೊಂದೇ ಎಂದು ಹೊಳೆಯಿತು. ನಿಜ ಹೇಳಬೇಕೆಂದರೆ ಹಾಯೆನಿಸಿತು. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತ. ಹೊರಗೆ ಬರಲು ಅವನಿಗೇನೂ ಅವಸರವಿರಲಿಲ್ಲ.

ಅವಸರ ಇದ್ದದ್ದು ಕಾರ್ಯದರ್ಶಿಗೆ. "ಸರ್, ಒಳಗಿದ್ದೀರಾ? ಎಲ್ಲ ಬಂದಿದ್ದಾರೆ ಸರ್."

"ಬೀಗ ಕೆಟ್ಟಿದೆಯಮ್ಮ."

ಆಕೆ ನಗು ನುಂಗಿಕೊಂಡಳೋ ಗಾಬರಿಯಾದಳೋ, ದೇವರೇ ಬಲ್ಲ. "ಮೇಸ್ತ್ರೀನ ಕರೀತೀನಿ ಸರ್" ಎಂದು ಓಡಿದ ಚಪ್ಪಲಿಯ ಸದ್ದು ಕೇಳಿಸಿತು.

ಮೇಸ್ತ್ರಿ ಎಂದರೆ ಬೀಗ ಜೋಡಿಸುವ ವಿಭಾಗದ ಹಳೇ ತಲೆ. ಮೂವತ್ತೆರಡು ವರ್ಷದ ಹಿಂದೆ ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿ, ಒಂದೇ ಬೆಂಚಿನಲ್ಲಿ ಕೂತವರು. ಕೈ ಚುರುಕು ನೋಡಿ ಇವನಿಗೆ ಅಳಿಲು ಎಂದು ಹೆಸರಿಟ್ಟವನೂ ಮೇಸ್ತ್ರಿಯೇ. ಆಮೇಲೆ ಅಳಿಲು ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಐದನೇ ಮಹಡಿಗೆ ಬಂತು, ಮೇಸ್ತ್ರಿ ಕೆಳಗೇ ಉಳಿದ. ಎದುರು ಸಿಕ್ಕರೆ ನಮಸ್ಕಾರ, ಅಷ್ಟೇ.

"ಸರ್, ಈ ಬೀಗದ ತಿರುಪು ಒಳಗಡೇನೇ ಇರೋದು. ನಾನು ಹೊರಗಿಂದ ಬಿಚ್ಚೋಕಾಗಲ್ಲ" ಎಂದಿತು ಹೊರಗಿನ ದನಿ. "ಬಾಗಿಲು ಒಡೆಯೋಣ, ಇಲ್ಲಾಂದ್ರೆ ನೀವೇ ಬಿಚ್ಚಿ."

ಬಾಗಿಲಡಿಯ ಸಂದಿನಿಂದ ಒಂದು ಸಣ್ಣ ಸ್ಕ್ರೂಡ್ರೈವರು ಒಳಗೆ ಜಾರಿ ಬಂತು.

ಎಂ.ಡಿ. ಅದನ್ನು ಎತ್ತಿಕೊಂಡು ನೆಲದ ಮೇಲೆ ಮಂಡಿಯೂರಿದ. ಮಂಡಿ ಲಟಕ್ಕೆಂದಿತು. ಮೊದಲನೇ ತಿರುಪು ಬಿಚ್ಚುವಷ್ಟರಲ್ಲಿ ಬೆವರಿದ, ಎರಡನೆಯದು ಕೈತಪ್ಪಿ ವಾಶ್‌ಬೇಸಿನ್ನಿನ ಕೆಳಗೆ ಉರುಳಿತು. ತಗಡು ತೆಗೆದು ನೋಡಿದರೆ, ಹಿಡಿಯನ್ನು ಚಿಲಕಕ್ಕೆ ಕೂಡಿಸುವ ಕೊಕ್ಕೆ ಎರಡು ತುಂಡಾಗಿತ್ತು. ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. ಪ್ಲಾಸ್ಟಿಕ್ಕು.

"ಏ, ಇದು ಹಿತ್ತಾಳೇದಲ್ವಾ ಇರ್ಬೇಕಾದ್ದು? ಯಾರು ಬದಲಾಯಿಸಿದ್ದು ಇದನ್ನ?"

ಹೊರಗೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಮೇಸ್ತ್ರಿ, ಕೇಳ್ತಾ ಇದೀನಿ."

"ನೀವೇ ಸರ್. ಎರಡು ವರ್ಷ ಆಯ್ತು. ಆರ್ಡರಲ್ಲಿ ನಿಮ್ಮ ಸಹಿ ಇದೆ. ಇದು ತಡೆಯಲ್ಲ ಅಂತ ನಾನು ಬರೆದೂ ಕೊಟ್ಟಿದ್ದೆ. ನಿಮ್ಮ ಆಫೀಸಿಂದ ಉತ್ತರಾನೂ ಬಂತು, 'ಗಮನಕ್ಕೆ ತಂದಿದ್ದಕ್ಕೆ ಧನ್ಯವಾದಗಳು' ಅಂತ."

ಅವನಿಗೆ ಆ ಚೀಟಿ ನೆನಪಿರಲಿಲ್ಲ. ಆರ್ಡರಿನ ಹಾಳೆ ಮಾತ್ರ ಕಣ್ಣಿಗೆ ಕಟ್ಟಿತು, ಏಕೆಂದರೆ ಆ ಹಾಳೆಗಳೆಲ್ಲ ಒಂದೇ ಥರ. ಕೆಳಗೆ ಏಳು ಚೌಕ. ಆರು ವಿಭಾಗಗಳ ಮುಖ್ಯಸ್ಥರು ಸಹಿ ಹಾಕಿದ ಮೇಲೆ ಏಳನೆಯದು ಅವನದು. ಆರು ಜನ ನೋಡಿದ್ದಾರಲ್ಲ ಎಂದು ಅವನು ಓದುತ್ತಿರಲಿಲ್ಲ. ನಾಚಿಕೆಯಾಯಿತು. ತಾನು ಮೂರು ವಾರದಿಂದ ಕೆಲಸವನ್ನು ಬೈಯುತ್ತಿದ್ದನಲ್ಲ, ಕೆಲಸ ಮಾಡಿದ್ದಾದರೂ ಯಾವಾಗ?

"ಈಗೇನು ಮಾಡ್ಲಿ?"

"ಎಡಗಡೆ ಒಂದು ಪಟ್ಟಿ ಇದೆಯಲ್ಲ, ಅದನ್ನ ಮೇಲಕ್ಕೆತ್ತಿ. ಅದರಡಿ ತೆಳ್ಳಗಿರೋದು ಏನಾದ್ರೂ ತೂರಿಸಿ. ಆಮೇಲೆ ಚಿಲಕ ಹಿಂದಕ್ಕೆ ತಳ್ಳಿ."

ಜೇಬು ತಡಕಿದ. ವಿಸಿಟಿಂಗ್ ಕಾರ್ಡು ಸಿಕ್ಕಿತು. ಪಟ್ಟಿಯಡಿ ತೂರಿಸಿದರೆ ಅಳತೆ ಮಾಡಿಸಿದ ಹಾಗೆ ಕೂತಿತು. ಹನ್ನೊಂದು ವರ್ಷದಲ್ಲಿ ಆ ಕಾರ್ಡು ಮಾಡಿದ ಮೊದಲ ಕೆಲಸ ಅದೇ ಇರಬೇಕು. ಉತ್ಸಾಹ ಬಂದು ಹಿಡಿಯನ್ನೂ ಜಗ್ಗಿದ.

"ಎಳೀಬೇಡ್ವೋ ಅಳಿಲು! ಮುರೀತೀಯಾ! ನಿಧಾನ!"

ಅವನು ಹಿಡಿ ಬಿಟ್ಟು ಚಿಲಕವನ್ನು ನಿಧಾನವಾಗಿ ತಳ್ಳಿದ. ಟಕ್ಕೆಂದು ಚಿಲಕ ಹಿಂದೆ ಸರಿಯಿತು.

ಹೊರಗೆ ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದ. "ಬಾಯಿ ತಪ್ಪಿ ಬಂತು ಸರ್."

"ಬರಲಿ ಬಿಡು" ಎಂದ ಎಂ.ಡಿ., ಮುರಿದ ಕೊಕ್ಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಸಭೆಗೆ ನಡೆದ.

ಸಭೆಯಲ್ಲಿ ಆರೂ ಮುಖ್ಯಸ್ಥರು ಕೂತಿದ್ದರು. ಅವನು ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟ. ಅದು ಏನೆಂದು ಗುರುತಿಸಿದವರು ಇಬ್ಬರೇ. ಈ ಬದಲಾವಣೆಯ ಹಾಳೆಯನ್ನು ಯಾರು ಓದಿದ್ದಿರಿ ಎಂದು ಕೇಳಿದ. ಖರೀದಿಯವರು ಗುಣಮಟ್ಟದವರ ಮುಖ ನೋಡಿದರು, ಗುಣಮಟ್ಟದವರು ವಿನ್ಯಾಸದವರ ಮುಖ ನೋಡಿದರು. ಕೊನೆಗೆ ಗುಣಮಟ್ಟದವರೇ ಮೆಲ್ಲಗೆ ಹೇಳಿದರು: "ಕೊನೇಲಿ ನೀವು ನೋಡ್ತೀರಲ್ಲ ಸರ್, ಅಂತ..."

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಏಳೇ ಜನ ಸಾಕಾಗಿತ್ತು. ಏಳನೆಯವನು ತಾನೇ.

ಅಧ್ಯಕ್ಷೆಗೆ ಎಪ್ಪತ್ತು ದಾಟಿತ್ತು. ಕಂಪನಿ ಕಟ್ಟಿದವರ ಸೊಸೆ ಅವರು. "ಅದಿರ್ಲಪ್ಪ. ನಿನ್ನ ವಿಷಯ ಹೇಳು. ಇರ್ತೀಯೋ, ಹೋಗ್ತೀಯೋ?"

ಅವನ ಕೈ ಜೇಬಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಆಯಾಸವೇನೂ ಕಡಿಮೆಯಾಗಿರಲಿಲ್ಲ. ಆದರೆ ಈಗ ಎದ್ದು ಹೋದರೆ ಆ ಪ್ಲಾಸ್ಟಿಕ್ ಕೊಕ್ಕೆಗಳು ಅಷ್ಟೊಂದು ಮನೆಗಳ ಬಾಗಿಲಲ್ಲಿ ಉಳಿಯುತ್ತವೆ, ತಾನು ಮಾತ್ರ ಹೊರಗೆ.

"ಪ್ರತಿ ಸೋಮವಾರ ಬೆಳಗ್ಗೆ ನಾನು ಯಾವ ಮೀಟಿಂಗಿಗೂ ಬರಲ್ಲಮ್ಮ. ವಾಪಸ್ ಬಂದ ಬೀಗಗಳನ್ನ ಬಿಚ್ಚಿ ನೋಡ್ತೀನಿ. ಇವರೂ ಬರ್ಬೇಕು. ಓದದೆ ಒಂದಕ್ಕೂ ಸಹಿ ಹಾಕಲ್ಲ, ಎಷ್ಟೇ ತಡ ಆಗ್ಲಿ. ಇದಕ್ಕೆ ಒಪ್ಪಿದ್ರೆ ಇರ್ತೀನಿ."

"ನಮ್ಮ ಮಾವ ಸೋಮವಾರ ಅದನ್ನೇ ಮಾಡ್ತಿದ್ರು. ಸಮಯ ದಂಡ ಅಂತ ನಿಲ್ಲಿಸಿದ್ದು ಯಾರು?"

"ನಾನೇ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ" ಎಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಅವನು ಕೆಳಗಿಳಿದು ಹೋದ. ಬೆಂಚುಗಳು ಖಾಲಿಯಿದ್ದವು. ಮೇಸ್ತ್ರಿ ಒಬ್ಬನೇ ಒಂದು ಚೂರು ಹಿತ್ತಾಳೆಯನ್ನು ಬೆಂಚಿನ ಇಕ್ಕಳಕ್ಕೆ ಸಿಕ್ಕಿಸಿ ಬಿಗಿಮಾಡುತ್ತಿದ್ದ. "ಸ್ಟೋರಲ್ಲಿ ಹಳೇ ಕೊಕ್ಕೆ ಒಂದೂ ಉಳಿದಿಲ್ಲ. ನಿಮ್ಮ ಬಾಗಿಲಿಗೆ ನಾನೇ ಅರದಲ್ಲಿ ಉಜ್ಜಿ ಮಾಡ್ತೀನಿ."

"ಅರ ಕೊಡಿಲ್ಲಿ."

ಮೇಸ್ತ್ರಿ ಅವನ ಮುಖ ನೋಡಿ, ಅರವನ್ನು ಒರೆಸಿ ಕೊಟ್ಟ. ಎಂ.ಡಿ. ಕೋಟು ಬಿಚ್ಚಿ ಹಳೆಯ ಸ್ಟೂಲಿನ ಮೇಲೆ ಹಾಕಿದ. ಮೊದಲ ಉಜ್ಜಿಗೇ ಅರ ಜಾರಿ ಹೆಬ್ಬೆರಳಿನ ಚರ್ಮ ಕಿತ್ತಿತು. ಮೇಸ್ತ್ರಿ ಅವನ ಮೊಣಕೈಯನ್ನು ಎರಡು ಬೆರಳು ಕೆಳಗಿಳಿಸಿದ.

"ತಡಿ. ಪುಡಿ ನೆಲಕ್ಕೆ ಬೀಳುತ್ತೆ. ಕೆಳಗೊಂದು ಕಾಗದ ಹಾಸ್ಬೇಕು" ಎಂದು ಮೇಸ್ತ್ರಿ ಸುತ್ತ ಹುಡುಕಿದ.

ಎಂ.ಡಿ. ಕೋಟಿನ ಒಳಜೇಬಿನಿಂದ ಮಡಿಸಿದ ಹಾಳೆ ತೆಗೆದು, ಬಿಡಿಸಿ, ಬರಹ ಕೆಳಗಾಗುವ ಹಾಗೆ ಬೆಂಚಿನ ಮೇಲೆ ಹಾಸಿ ಅಂಗೈಯಿಂದ ಸವರಿದ. ಮತ್ತೆ ಅರ ಎತ್ತಿಕೊಂಡ. ಹಿತ್ತಾಳೆಯ ಪುಡಿ ಹಳದಿಯಾಗಿ, ಸಣ್ಣಗೆ, ಅದರ ಮೇಲೆ ಉದುರತೊಡಗಿತು.