ಅಕ್ಕನ ಹುಲ್ಲು, ತಂಗಿಯ ಹುಲ್ಲು

ಅಪ್ಪ ಬಿಟ್ಟುಹೋದ ಹುಲ್ಲುಗಾವಲನ್ನು ಅಕ್ಕ-ತಂಗಿ ಸರಿಪಾಲು ಮಾಡಿಕೊಂಡು ನಡುವೆ ತಂತಿ ಎಳೆದಿದ್ದರು. ಅಕ್ಕನ ಪಾಲಿನಲ್ಲಿ ಒಂದೇ ಜಾತಿಯ ಹುಲ್ಲು, ತಿಂಗಳಿಗೊಮ್ಮೆ ಯೂರಿಯಾ. ತಂಗಿ ಚೀಲದ ಗೊಬ್ಬರ ಬಿಟ್ಟು ನಾಲ್ಕು ವರ್ಷವಾಗಿತ್ತು. ಅವಳದು ಹತ್ತಾರು ಬಗೆಯ ಹುಲ್ಲು, ನಡುನಡುವೆ ಕುದುರೆಮೆಂತ್ಯವೆಂಬ ಮೇವಿನ ಸೊಪ್ಪು. ಹಸುಗಳನ್ನು ದಿನಕ್ಕೊಂದು ತುಂಡು ನೆಲದಲ್ಲಿ ಮೇಯಿಸಿ ಮುಂದಕ್ಕೆ ಅಟ್ಟುತ್ತಿದ್ದಳು.

"ಅದು ಗಾವಲೋ, ಹಾಳು ಹಿತ್ತಲೋ!" ಎಂದು ಅಕ್ಕ ಮೂಗು ಮುರಿಯುತ್ತಿದ್ದಳು. ಅವಳ ಹಸುಗಳು ತಂಗಿಯವಕ್ಕಿಂತ ಎರಡು ಲೀಟರ್ ಹಾಲು ಹೆಚ್ಚೇ ಕೊಡುತ್ತಿದ್ದವು. ಆದರೂ ನೆಮ್ಮದಿಯಿಲ್ಲ. ಈ ಬೇಸಿಗೆಯಲ್ಲಿ ಅವಳ ಹುಲ್ಲು ಮೂರೇ ವಾರಕ್ಕೆ ಸೊರಗಿ ಚಾಪೆಯಾಗಿತ್ತು. ತಂತಿಯಾಚೆ ಇನ್ನೂ ಹಸಿರು. ಹಾಲು ಕರೆದು ಕೈ ತೊಳೆಯುವ ಮೊದಲೇ ಕಾಲು ಅತ್ತ ಎಳೆಯುತ್ತಿತ್ತು. ನೋಡಿ ಬರುವಳು, ಕೂರುವಳು, ಮತ್ತೆ ಏಳುವಳು.

ಮೊದಲ ಮಳೆಯ ಮರುದಿನ ಬೆಳಿಗ್ಗೆ ತಂಗಿ ಕೂಗಿದಳು. "ಅಕ್ಕಾ, ಬೇಗ ಬಾರೇ!"

ತಂಗಿಯ ಕಪ್ಪು ಹಸು ಕಾಲಗಲಿಸಿ ನಿಂತಿತ್ತು. ಎಡ ಪಕ್ಕೆ ನಗಾರಿಯಂತೆ ಉಬ್ಬಿತ್ತು.

"ಖಾಲಿ ಹೊಟ್ಟೇಲಿ ಒದ್ದೆ ಕುದುರೆಮೆಂತ್ಯಕ್ಕೆ ಬಿಟ್ಯಾ?" ಅಕ್ಕ ಬಂದವಳೇ ಕೇಳಿದಳು.

"ಚಿಗುರು ಚೆನ್ನಾಗಿತ್ತು ಕಣೇ, ಆಸೆಯಾಯ್ತು..."

"ಆಸೆಗೊಂದು ಮಿತಿ ಬೇಡ್ವಾ? ಹೊಟ್ಟೇಲಿ ಗಾಳಿ ತುಂಬಿದೆ, ಎಣ್ಣೆ ತಾ. ಡಾಕ್ಟರಿಗೆ ಫೋನ್ ಮಾಡು."

ಅಕ್ಕ ನಿಧಾನವಾಗಿ ಎಣ್ಣೆ ಕುಡಿಸಿದಳು. ತೇಗು ಬರಲೆಂದು ಬಾಯಿಗೆ ಅಡ್ಡಲಾಗಿ ಕೋಲು ಕಟ್ಟಿ, ಪಕ್ಕೆ ತಿಕ್ಕುತ್ತ ದಿಬ್ಬದ ಮೇಲೆ ಹತ್ತಿಸಿ ಇಳಿಸಿದಳು. ಅರ್ಧ ಗಂಟೆ ತಂಗಿಯೂ ಹಗ್ಗ ಹಿಡಿದು ಜೊತೆಗೇ ಹತ್ತಿ ಇಳಿದಳು. ಕೊನೆಗೆ ಹಸು ದೊಡ್ಡದಾಗಿ ತೇಗಿತು. ತಂಗಿ ಅಲ್ಲೇ ಕುಸಿದು ಅತ್ತಳು. ಆಮೇಲೆ ಬಂದ ಡಾಕ್ಟರು ಮುಟ್ಟಿ ನೋಡಿ, "ಇನ್ನು ಹೆದರಬೇಡಿ" ಎಂದರು.

"ನೋಡಿದ್ಯಾ ನಿನ್ನ ಬೆರಕೆ ಹುಲ್ಲು" ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣು ತನ್ನ ಬೂಟಿನ ಮೇಲೆ ಬಿತ್ತು. ತಂಗಿಯ ನೆಲದಲ್ಲಿ ಅಷ್ಟು ಓಡಾಡಿದರೂ ಕೆಸರಿಲ್ಲ. ತಂತಿಯಾಚೆ ತನ್ನ ನೆಲದಲ್ಲಿ ರಾತ್ರಿಯ ನೀರು ಹಾಗೇ ನಿಂತಿತ್ತು. ಬಗ್ಗಿ ತಂಗಿಯ ಮಣ್ಣು ಹಿಡಿದಳು. ಬೆರಳ ಸಂದಿನಲ್ಲಿ ಉದುರಿತು, ಒಂದು ಎರೆಹುಳು ಹೊರಳಿತು.

"ನಿನ್ನ ಬೆರಕೆ ಹುಲ್ಲಿನ ಬೀಜ ಒಂದಿಷ್ಟು ಕೊಡು. ನನ್ನ ಪೂರ್ತಿ ಗಾವಲಿಗಲ್ಲ, ಕೆಳಗಿನ ಮೂಲೆಗೆ."

ತಂಗಿ ಕಣ್ಣೊರೆಸಿಕೊಂಡಳು. "ಇದನ್ನ ನೋಡಿದ ಮೇಲೂನಾ?"

"ಮೊದಲು ಒಣಹುಲ್ಲು ಹಾಕಿ ಆಮೇಲೆ ಬಿಡಬೇಕು ಅನ್ನೋದು ನಂಗೆ ಗೊತ್ತಲ್ಲ. ನಿಂಗೂ ಹೇಳಿಕೊಡ್ತೀನಿ."

ಮಧ್ಯಾಹ್ನ ಊಟಕ್ಕೂ ಕೂರದೆ ಅಕ್ಕ ಪಿಕಾಸಿ ಹಿಡಿದು ತನ್ನ ಗಾವಲಿನ ಆ ಮೂಲೆಗೆ ಹೋದಳು. ಮೇಲೆ ಅಂಟು ಕೆಸರು, ಒಂದು ಗೇಣು ಕೆಳಗೆ ಕಲ್ಲಿನಂಥ ನೆಲ. ನಾಲ್ಕು ಏಟು ಹಾಕಿ, ಸೊಂಟಕ್ಕೆ ಕೈಯಿಟ್ಟು ನಿಂತು, ಮತ್ತೆ ಅಗೆಯತೊಡಗಿದಳು.