ಸ್ವೀಡನ್ನಿನ ಚಿತ್ರಕ್ಕೆ ಪಟ್ಟಾಭಿರಾಮರ ವ್ಯಾಖ್ಯಾನ

ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದು ಕೇಳಿಯೇ ಬರುತ್ತಿರುವವರ ಮನಃಸ್ಥಿತಿಯನ್ನು ಹೇಳಬಲ್ಲ ಒಬ್ಬ ಮನುಷ್ಯನನ್ನು ನಾನು ನೋಡಿದ್ದೇನೆ. ಬರುತ್ತಿರುವವರು ಯಾರೆಂದು ಹೇಳುವವರು ಬೇಕಾದಷ್ಟು ಮಂದಿ. ನಮ್ಮ ಮನೆಯ ನಾಯಿಯೂ ಹೇಳುತ್ತದೆ. ಪಟ್ಟಾಭಿರಾಮರ ವಿದ್ಯೆ ಅದಕ್ಕಿಂತ ಸೂಕ್ಷ್ಮವಾದದ್ದು. ಹಾಸನದ ಕಚೇರಿಯೊಂದರಲ್ಲಿ ನನ್ನ ಎದುರಿನ ಮೇಜಿನಲ್ಲಿ ಹದಿನಾರು ವರ್ಷ ಕೂತಿದ್ದ ಅವರು, ಸಾಹೇಬರು ಇನ್ನೂ ಕೆಳಗಿನ ಅಂತಸ್ತಿನಲ್ಲಿರುವಾಗಲೇ ಪೆನ್ನು ಕೆಳಗಿಟ್ಟು, "ಇವತ್ತು ರಜೆ ಕೇಳಬೇಡಿ" ಎಂದು ಪಿಸುಗುಟ್ಟುತ್ತಿದ್ದರು. ಕೇಳಿದವರು ಕೆಟ್ಟರು. ನಾನು ಎರಡು ಸಲ ಕೆಟ್ಟೆ.

ವೈಶಾಖದ ಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕಂದು ಕೋಟು. ಗೋಡೆಯ ಪಕ್ಕಕ್ಕೇ ಸರಿದು, ನೆಲಕ್ಕೆಲ್ಲಿ ನೋವಾದೀತೋ ಎಂಬಂತೆ ಇಡುವ ಹೆಜ್ಜೆ. ಯಾವ ಮದುವೆಮನೆಗೆ ಹೋದರೂ ಬಾಗಿಲಿಗೆ ಹತ್ತಿರದ ಕುರ್ಚಿ. ಮಾತೋ, ಅಚ್ಚಿನ ಮನೆಗೆ ಹೋಗಿ ಕರಡು ತಿದ್ದಿಸಿಕೊಂಡು ಬಂದಂಥ ಕನ್ನಡ. ನಮ್ಮ ಜಿಲ್ಲೆಯಲ್ಲಿ ಒಬ್ಬ ಬಾಯಿ ತೆರೆದರೆ ಸಾಕು, ಅರಕಲಗೂಡೋ ಚನ್ನರಾಯಪಟ್ಟಣವೋ ಗೊತ್ತಾಗಿಬಿಡುತ್ತದೆ. ಪಟ್ಟಾಭಿರಾಮರ ಕನ್ನಡಕ್ಕೆ ಮಾತ್ರ ಊರೇ ಇರಲಿಲ್ಲ. ಕೇಳಿದರೆ, "ಆ ಕಡೆಯವರು" ಎಂದು ಹೊಳೆನರಸೀಪುರದ ದಿಕ್ಕಿಗೆ ಅಂಗೈ ಬೀಸುತ್ತಿದ್ದರು. ಆ ದಿಕ್ಕಿನಲ್ಲಿ ದೇವಸ್ಥಾನದ ಬೀದಿಯ ಹಳೆಯ ಮನೆತನವೊಂದನ್ನು ನಾವೇ ಕಲ್ಪಿಸಿ, ಅದರ ಜಗಲಿಯ ಮೇಲೆ ಅವರನ್ನು ಕೂರಿಸಿಬಿಟ್ಟಿದ್ದೆವು.

ಆ ಕನ್ನಡದ ಆಸೆಗೇ ನಾನು ಅವರನ್ನು ನಮ್ಮ ಚಿತ್ರಸಮಾಜಕ್ಕೆ ಎಳೆದು ತಂದದ್ದು. ಎರಡು ಸಾವಿರದ ಮೂರರ ಸುಮಾರು; ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಬಾಡಿಗೆಯ ಪ್ರೊಜೆಕ್ಟರು, ಕಿಟಕಿಗಳಿಗೆ ಜಮಖಾನ, ಮೂವತ್ತು ನಲವತ್ತು ಮಂದಿ. ಕಾರ್ಯದರ್ಶಿ ನಾನು, ಅಂದರೆ ಜಮಖಾನ ಕಟ್ಟುವವನು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲನ್ನು ನಮ್ಮ ಸದಸ್ಯರು ಓದಿ ಮುಗಿಸುವಷ್ಟರಲ್ಲಿ ಅದನ್ನಾಡಿದ ಪಾತ್ರ ಸತ್ತೇ ಹೋಗಿರುತ್ತಿತ್ತು. ಅದಕ್ಕೆಂದು ಗಮಕದ ಕ್ರಮವನ್ನೇ ಹಿಡಿದೆವು: ವಾಚನ ಪರದೆಯದು, ವ್ಯಾಖ್ಯಾನ ಪಟ್ಟಾಭಿರಾಮರದು. ಅವರು ಮೈಕು ಹಿಡಿದು ಪಕ್ಕದಲ್ಲಿ ನಿಂತು, "ಕಳ್ಳರು ಈಗ ಕಿಟಕಿಯ ಮೂಲಕ ಒಳಗೆ ದಯಮಾಡಿಸುತ್ತಿದ್ದಾರೆ" ಎನ್ನುತ್ತಿದ್ದರು. ಅರ್ಧ ಮಂದಿ ಬರುತ್ತಿದ್ದುದೇ ಅದನ್ನು ಕೇಳಲು.

ಆ ಭಾನುವಾರದ್ದು ಸ್ವೀಡನ್ನಿನ ಚಿತ್ರ, ಅಲ್ಲಿಯ ಕಾದಂಬರಿಯೊಂದನ್ನು ಆಧರಿಸಿದ್ದು. ಯಾವಾಗಲೂ ಹಿಂದಿನ ದಿನವೇ ಮನೆಯಲ್ಲಿ ನೋಡಿಕೊಂಡು ಬರುತ್ತಿದ್ದವರಿಗೆ ಈ ಸಲ ಡಿಸ್ಕು ತಡವಾಗಿ ಬಂದದ್ದರಿಂದ ಅವಕಾಶವಾಗಿರಲಿಲ್ಲ. ಶುರುವಾಗುವ ಮುನ್ನ ನನ್ನನ್ನು ಮೂಲೆಗೆ ಕರೆದು, "ಇದರಲ್ಲಿ ಮನೆಯೊಳಗಿನ ಗಲಾಟೆ ಇದೆಯೇ? ರಂಜನಿ ಬಂದಿದ್ದಾಳೆ" ಎಂದರು. ರಂಜನಿ ಅವರ ಮಗಳು, ಬಿ.ಎಸ್ಸಿ. ಓದುತ್ತಿದ್ದವಳು. ತಾನು ಕಂಡೇ ಇರದ ತಾತನ ಬಗ್ಗೆ ಅವಳಿಗೆ ಅಪಾರ ಹೆಮ್ಮೆ. ತಂಬಾಕಿನ ತಜ್ಞರಂತೆ, ಒಂದು ಗಟ್ಟಿ ಮಾತಾಡದ ಸಾಧುಗಳಂತೆ. ಆ ಸಾಧುವನ್ನು ಅಪ್ಪನೇ ಸ್ವಂತ ಕೈಯಿಂದ ಕಡೆದು ನಿಲ್ಲಿಸಿದ್ದೆಂದೂ, ಅದು ಬಿರುಕು ಬಿಟ್ಟೀತೆಂಬ ದಿಗಿಲಿನಲ್ಲೇ ಅವರ ದಿನಗಳು ಕಳೆಯುತ್ತಿದ್ದುವೆಂದೂ ನನಗೇನು ಗೊತ್ತು? "ಗಲಾಟೆ ಎಲ್ಲಿಯದು ಸ್ವಾಮಿ, ಬರೀ ಹಿಮ" ಎಂದೆ. ನಾನು ನೋಡಿದ್ದು ಡಬ್ಬಿಯ ಮೇಲಿನ ಚಿತ್ರವನ್ನಷ್ಟೇ.

ಹಿಮ ಹತ್ತು ನಿಮಿಷಕ್ಕೇ ಮುಗಿಯಿತು. ಕಾಗದದ ಕಾರ್ಖಾನೆಯ ಕೂಲಿಗೆಂದು ಪರದೇಶದಿಂದ ಬಂದ ಸಂಸಾರ. ಕುಡಿಯುವ ಗಂಡ, ಅವನೊಡನೆ ಮಾತೇ ಬಿಟ್ಟ ಹೆಂಡತಿ, ಅಕ್ಕಪಕ್ಕದವರು ಏಳುವ ಮೊದಲೇ ಅಪ್ಪನ ವಾಂತಿ ತೊಳೆದು, ಏನೂ ಆಗಿಲ್ಲವೆಂಬಂತೆ ಶಾಲೆಗೆ ಹೋಗುವ ಹತ್ತು ವರ್ಷದ ಹುಡುಗಿ. ಅವನು ಬಂದು ಮೇಜಿನ ಮೇಲೆ ಬಿದ್ದ. ಪಟ್ಟಾಭಿರಾಮರು ಹೇಳಿದರು: "ತಂದೆಯವರು ಇಂದು ತುಸು ಬಳಲಿದ್ದಾರೆ."

ನುಗ್ಗೇಹಳ್ಳಿಯ ತೆಂಗಿನಕಾಯಿ ವ್ಯಾಪಾರಿ ನಂಜಪ್ಪ ಹಿಂದಿನಿಂದ ಕೂಗಿದ: "ಬಳ್ಲಿಲ್ಲ ಕಣ್ ಸಾ, ಕುಡ್ದವ್ನೆ! ಇಂತವ್ರನ್ನ ನೋಡಕ್ಕೆ ಸ್ವೀಡನ್ನಿಗೇ ಓಗ್ಬೇಕಾ?"

ಸಭೆ ಗೊಳ್ಳೆಂದಿತು. ನಗಿಸುವ ಹಕ್ಕು ಬೇರೆಯವರ ಪಾಲಾದರೆ ನನಗೆ ಅಜೀರ್ಣ. "ಪಟ್ಟಾಭಿರಾಮರೇ, ಬಳಲಿದವರಿಗೆ ಗ್ಲೂಕೋಸ್ ಹಾಕಿಸಿ" ಎಂದೆ. ಇನ್ನಷ್ಟು ನಗೆ. ತಟ್ಟೆ ಹಾರಿತು. "ಅಡಿಗೆಯ ವಿಷಯದಲ್ಲಿ ಅಸಮಾಧಾನ ವ್ಯಕ್ತಪಡಿಸುತ್ತಿದ್ದಾರೆ" ಎಂದರು ಅವರು. ಕಣ್ಣು ಪರದೆಯನ್ನು ಬಿಟ್ಟು ಮೂರನೆಯ ಸಾಲಿನಲ್ಲಿ ಕೂತ ಮಗಳನ್ನೇ ನೋಡುತ್ತಿತ್ತು.

"ಎಂಡ್ತಿ ಮಕಕ್ಕೆ ತಟ್ಟೆ ಬೀಸ್ಬುಟ್ಟ! ಇದ್ಯಾವ್ ಸೀಮೆ ಅಸಮಾಧಾನ ಸಾ?" ಎಂದ ನಂಜಪ್ಪ.

ಅನಂತರ ಬಂದದ್ದು ಮಾತಿಲ್ಲದ ದೃಶ್ಯ. ಮರದ ಮೆಟ್ಟಿಲ ಮೇಲೆ ಒಂದು ಹೆಜ್ಜೆ, ತಡೆದು, ಇನ್ನೊಂದು. ಹಾಸಿಗೆಯಲ್ಲಿ ಕಣ್ಣು ತೆರೆದುಕೊಂಡ ಹುಡುಗಿ. ಪರದೆಯ ಕೆಳಗೆ ಒಂದಕ್ಷರವೂ ಇರಲಿಲ್ಲ, ವ್ಯಾಖ್ಯಾನಕಾರರು ಸುಮ್ಮನಿರಬೇಕಾದ ಜಾಗ. ಆದರೆ ಮೈಕಿನಿಂದ ಚಿಕ್ಕ ಮಗುವಿನದೆಂಬಂತೆ ಕ್ಷೀಣವಾದ ದನಿಯೊಂದು ಹೊರಟಿತು: "ನಾನ್ನ ವಸ್ತುನ್ನಾಡು. ದೀಪಂ ಆರ್ಪೆಯ್."

ಅಪ್ಪ ಬರ್ತಿದ್ದಾನೆ, ದೀಪ ಆರಿಸು. ಅಷ್ಟು ತೆಲುಗು ನಮ್ಮೂರಿನ ಟೆಂಟು ಸಿನಿಮಾಗಳು ಎಲ್ಲರಿಗೂ ಕಲಿಸಿದ್ದವು. ಯಾರೂ ನಗಲಿಲ್ಲ. "ಸಾ, ಒಸಿ ನೀರ್ ಕುಡೀರಿ ಸಾ" ಎಂದ ನಂಜಪ್ಪ, ಬಹಳ ಮೆಲ್ಲಗೆ. ಪಟ್ಟಾಭಿರಾಮರು ಮೈಕನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದುಬಿಟ್ಟರು.

ನಾನು ಹಿಂದೆಯೇ ಹೋದೆ. ವರಾಂಡದ ಮೆಟ್ಟಿಲ ಮೇಲೆ ಕೂತಿದ್ದರು. "ನಾವು ಗುಂಟೂರಿನ ಕಡೆಯವರು" ಎಂದರು. "ರಾಮನಾಥಪುರದಲ್ಲಿ ಹೊಗೆಸೊಪ್ಪು ಕಾಯಿಸಿ ಒಣಗಿಸೋ ಬ್ಯಾರನ್‌ಗಳಲ್ಲಿ ಬೆಂಕಿಯ ಹದ ನೋಡೋದಕ್ಕೆ ಅಪ್ಪನನ್ನ ಕರೆಸಿಕೊಂಡಿದ್ರು. ನಾವು ಹೊರಗಿನವರು, ಊರವರ ಬಾಯಿಗೆ ಬೀಳಬಾರದು ಅಂತ ಅಮ್ಮ ಅಳುವಾಗಲೂ ಬಾಯಿಗೆ ಸೆರಗು ತುರುಕಿಕೊಳ್ಳೋಳು." ಕ್ಷಮೆ ಕೇಳಲು ಬಾಯಿ ತೆರೆದ ನನಗೆ ಹೊಳೆದದ್ದೆಲ್ಲ ಹಾಸ್ಯದ ಮಾತುಗಳೇ.

ಅಷ್ಟರಲ್ಲಿ ಒಳಗಿನಿಂದ ಮೈಕಿನ ದನಿ ಕೇಳಿಸಿತು, ರಂಜನಿಯದು. "ಅಪ್ಪ ಕುಡಿದು ಬಂದಿದ್ದಾನೆ. ಅಮ್ಮನಿಗೆ ಹೊಡೆಯುತ್ತಿದ್ದಾನೆ. ಯಾರಿಗೂ ಹೇಳಬೇಡ ಅಂತ ಅಮ್ಮ ಮಗಳಿಗೆ ಹೇಳುತ್ತಿದ್ದಾಳೆ." ಪಟ್ಟಾಭಿರಾಮರು ಒಂದೊಂದು ವಾಕ್ಯಕ್ಕೂ ಕಣ್ಣು ಮುಚ್ಚಿ ತೆರೆದರು. ಚಿತ್ರ ಮುಗಿಯುವವರೆಗೆ ಅವಳು ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಜನ ನಮ್ಮನ್ನು ನೋಡದಂತೆ ನಟಿಸುತ್ತ ಇಳಿದು ಹೋದ ಮೇಲೆ ರಂಜನಿ ಬಂದು ಅಪ್ಪನ ಪಕ್ಕದಲ್ಲಿ ಕೂತಳು.

"ಅಪ್ಪಾ, ತಾತ ಹೊಡೀತಿದ್ರಾ?"

"ದಿನಾ ಇಲ್ಲಮ್ಮ. ಬ್ಯಾರನ್ನಿಂದ ಸೊಪ್ಪು ಇಳಿಸಿದ ದಿನ ಮಾತ್ರ."

"ಎಷ್ಟು ದಿನಕ್ಕೆ ಇಳಿಸ್ತಿದ್ರು?"

"ವಾರಕ್ಕೊಂದು ಸಲ." ಆಮೇಲೆ ಗಾಬರಿಯಿಂದ ಸೇರಿಸಿದರು: "ಸೊಪ್ಪಿನ ಕಾಲದಲ್ಲಿ ಅಷ್ಟೇ."

ರಂಜನಿ ಮತ್ತೇನೂ ಕೇಳಲಿಲ್ಲ. ಏಳಲೂ ಇಲ್ಲ.

ಮನೆಯೊಳಗೆ ಭಯವನ್ನು ಉಂಡು ಬೆಳೆದವರ ಪಂಗಡವೊಂದು ನಮ್ಮ ನಡುವೆ ಸದ್ದಿಲ್ಲದೆ ಬಾಳುತ್ತಿರುತ್ತದೆ. ಅವರನ್ನು ಸೌಜನ್ಯಮೂರ್ತಿಗಳೆಂದು ನಾವು ಹೊಗಳುತ್ತೇವೆ, ಪುಕ್ಕಲರೆಂದು ಆಡಿಕೊಳ್ಳುತ್ತೇವೆ, ನನ್ನಂಥವರಂತೂ ಅವರ ಮೇಲೆ ಹಾಸ್ಯಲೇಖನ ಬರೆದು ಪತ್ರಿಕೆಗೆ ಕಳಿಸುತ್ತೇವೆ. ಎಂದೋ ಸತ್ತವನ ಮಾನವನ್ನು, ಅವನಿಂದಲೇ ಪೆಟ್ಟು ತಿಂದ ಬೆನ್ನಿನ ಮೇಲೆ ಅವರು ಹೊತ್ತು ನಡೆಯುತ್ತಿರುತ್ತಾರೆ. ಇಳಿಸಿಬಿಡಿ ಎಂದು ಹೇಳುವುದು ಸುಲಭ. ಐವತ್ತು ವರ್ಷ ಬಾಗಿದ ಬೆನ್ನು ಹೊರೆ ಇಳಿದ ಕ್ಷಣಕ್ಕೇ ನೆಟ್ಟಗಾಗುವುದಿಲ್ಲ; ಪಕ್ಕದಲ್ಲಿ ಯಾರಾದರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಬೇಕಾಗುತ್ತದೆ.